ಮಲದಲ್ಲಿ ರಕ್ತ: ಮೂಲವ್ಯಾಧಿ ಅಂತ ನಾವೇ ತೀರ್ಮಾನ ಮಾಡೋದು ಬೇಡ

ಬೆಳಗ್ಗೆ ಕೊಟ್ಟಿಗೆಗೆ ಹೋದ ರೈತ ಮೊದಲು ನೋಡೋದು ಸಗಣಿಯನ್ನ. ತೆಳ್ಳಗೆ ಹಾಕಿದೆಯಾ, ಗಟ್ಟಿಯಾಗಿದೆಯಾ, ಲೋಳೆ ಇದೆಯಾ, ರಕ್ತದ ಗೆರೆ ಕಾಣ್ತದಾ ಅಂತ. ಏನಾದ್ರೂ ವ್ಯತ್ಯಾಸ ಕಂಡರೆ ಅವತ್ತೇ ಪಶುವೈದ್ಯರಿಗೆ ಹೇಳಿ ಕಳಿಸ್ತೇವೆ. ಹಸು ಬಾಯಿ ಬಿಟ್ಟು ಹೇಳೋದಿಲ್ಲ, ಸಗಣಿಯೇ ಹೇಳಬೇಕು ಅನ್ನೋದು ನಮಗೆಲ್ಲ ಗೊತ್ತು. ಆದರೆ ಬಾಯಿ ಇರೋ ನಾವು ನಮ್ಮದೇ ಮಲದಲ್ಲಿ ರಕ್ತ ಕಂಡರೆ ಹೆಂಡತಿ ಮಕ್ಕಳಿಗೂ ಹೇಳೋದಿಲ್ಲ. ಹೇಳಿದರೂ ಸಿಗೋ ಉತ್ತರ ಒಂದೇ: "ಉಷ್ಣ ಆಗ್ಬುಟ್ಟದೆ ಬುಡು, ಮೂಲ್ಯಾದಿ ಕನ, ಮಜ್ಜಿಗೆ ಕುಡಿ."

ಹತ್ತರಲ್ಲಿ ಎಂಟೊಂಬತ್ತು ಸಲ ಆ ಮಾತು ನಿಜವೇ ಇರಬಹುದು. ಉಳಿದ ಒಂದು ಸಲ ಅದು ದೊಡ್ಡ ಕರುಳಿನ ಕ್ಯಾನ್ಸರ್ ಆಗಿದ್ದರೆ, ಮಜ್ಜಿಗೆ ಕುಡಿಯುತ್ತಾ ಕಳೆದ ತಿಂಗಳುಗಳೇ ಜೀವಕ್ಕೆ ಮುಳುವಾಗ್ತವೆ. ಈ ಕಾಯಿಲೆ ಬೇಗ ಗೊತ್ತಾದರೆ ವಾಸಿಯಾಗೋದೇ ಹೆಚ್ಚು. ಕೆಲವರಲ್ಲಿ ಕ್ಯಾನ್ಸರ್ ಆಗೋ ಮೊದಲೇ ಕಿತ್ತು ಹಾಕಬಹುದು. ಗುಂಡ್ಲುಪೇಟೆ, ಚಾಮರಾಜನಗರ ಕಡೆಯ ಮಳೆಯಾಶ್ರಿತ ರೈತರು, ಕೂಲಿ ಮಾಡೋರು ಈ ಪರೀಕ್ಷೆಗಳ ಹೆಸರನ್ನೇ ಕೇಳಿರೋದು ಕಡಿಮೆ. ಡಾಕ್ಟರನ್ನ, ಆಶಾ ಕಾರ್ಯಕರ್ತೆಯರನ್ನ ಕೇಳಿ, ಮನೆಯವರ ಜೊತೆ ಆಸ್ಪತ್ರೆಗೆ ಓಡಾಡಿ ತಿಳಿದುಕೊಂಡದ್ದನ್ನ ಇಲ್ಲಿ ಬರೆದಿದ್ದೇನೆ.

ಕರುಳಿನೊಳಗೆ ಆಗೋದೇನು?

ನಮ್ಮ ದೊಡ್ಡ ಕರುಳು ಸುಮಾರು 5 ಅಡಿ ಉದ್ದ. ಹೊಟ್ಟೆಯ ಬಲಗಡೆ ಕೆಳಗಿಂದ ಮೇಲೆ ಹೋಗಿ, ಅಡ್ಡಡ್ಡ ದಾಟಿ, ಎಡಗಡೆ ಇಳಿದು ಗುದದ್ವಾರ ಸೇರ್ತದೆ. ಕೊನೆಯ ಅರ್ಧ ಅಡಿಯಷ್ಟು ಭಾಗವೇ ಗುದನಾಳ. ವಯಸ್ಸಾದಂತೆ ಕೆಲವರ ಕರುಳಿನ ಒಳಗೋಡೆಯ ಮೇಲೆ ನರುಳ್ಳೆಯಂಥ ಸಣ್ಣ ಬೆಳವಣಿಗೆ ಏಳ್ತದೆ. ಡಾಕ್ಟರು ಅದನ್ನ ಪಾಲಿಪ್ ಅಂತಾರೆ. ಅದು ನೋಯೋದಿಲ್ಲ, ತುರಿಸೋದಿಲ್ಲ, ಇದೆ ಅಂತ ಗೊತ್ತೇ ಆಗೋದಿಲ್ಲ. ಹೆಚ್ಚಿನ ಪಾಲಿಪ್‌ಗಳು ಹಾಗೇ ಇದ್ದುಬಿಡ್ತವೆ. ಕೆಲವು ಮಾತ್ರ ನಿಧಾನಕ್ಕೆ ಬೆಳೆದು ಕ್ಯಾನ್ಸರ್ ಆಗ್ತವೆ. ಹೀಗೆ ಆಗೋದಕ್ಕೆ ಸಾಮಾನ್ಯವಾಗಿ ಹತ್ತು ವರ್ಷದಷ್ಟು ಕಾಲ ಹಿಡೀತದೆ.

ಆ ಹತ್ತು ವರ್ಷವೇ ನಮಗೆ ಸಿಗೋ ಅವಕಾಶ. ಪಾರ್ಥೇನಿಯಂ ಗಿಡವನ್ನ ಹೂ ಬಿಡೋ ಮೊದಲು ಕಿತ್ತರೆ ಒಂದು ಆಳಿನ ಕೆಲಸ. ಬೀಜ ಉದುರಿದ ಮೇಲೆ ಕೀಳೋಕೆ ಹೋದರೆ ಇಡೀ ಹೊಲ ಕೈ ಬಿಡ್ತದೆ. ಪಾಲಿಪ್ ಇದ್ದಾಗಲೇ ಕಂಡರೆ ಹೊಟ್ಟೆ ಕೊಯ್ಯದೆ ತೆಗೀತಾರೆ. ಕ್ಯಾನ್ಸರ್ ಆದರೂ ಕರುಳಿನ ಗೋಡೆಯೊಳಗೇ ಇದ್ದರೆ ಆಪರೇಷನ್‌ನಿಂದ ವಾಸಿಯಾಗೋರೇ ಹೆಚ್ಚು. ಅಮೆರಿಕದ ಲೆಕ್ಕದ ಪ್ರಕಾರ ಈ ಹಂತದಲ್ಲಿ ಸಿಕ್ಕ 100 ಜನರಲ್ಲಿ ಸುಮಾರು 90 ಜನ ಐದು ವರ್ಷ ದಾಟ್ತಾರೆ. ಲಿವರ್‌ಗೋ ಶ್ವಾಸಕೋಶಕ್ಕೋ ಹರಡಿದ ಮೇಲೆ ಬಂದರೆ ಐದು ವರ್ಷ ದಾಟೋರು 100ರಲ್ಲಿ 15ರ ಆಸುಪಾಸು ಮಾತ್ರ. ಕಾಯಿಲೆ ಒಂದೇ, ಆಸ್ಪತ್ರೆಗೆ ಹೋದ ಹೊತ್ತು ಬೇರೆ, ಅಷ್ಟೆ.

2022ರ ಅಂದಾಜಿನಂತೆ ಪ್ರಪಂಚದಲ್ಲಿ ಆ ಒಂದು ವರ್ಷದಲ್ಲೇ 19 ಲಕ್ಷ ಜನರಿಗೆ ಈ ಕ್ಯಾನ್ಸರ್ ಬಂತು, 9 ಲಕ್ಷ ಜನ ಸತ್ತರು. ಭಾರತದಲ್ಲಿ ವರ್ಷಕ್ಕೆ 60 ಸಾವಿರಕ್ಕೂ ಹೆಚ್ಚು ಹೊಸ ರೋಗಿಗಳು ಸಿಗ್ತಾರೆ. ಜನಸಂಖ್ಯೆಗೆ ಹೋಲಿಸಿದರೆ ಅಮೆರಿಕ, ಯುರೋಪಿಗಿಂತ ಇದು ಎಷ್ಟೋ ಕಡಿಮೆ. ಆದರೆ ನಮ್ಮವರಲ್ಲಿ ಬಹಳ ಮಂದಿ ರೋಗ ಬಲಿತ ಮೇಲೆ ಆಸ್ಪತ್ರೆ ಮೆಟ್ಟಿಲು ಹತ್ತೋದು.

ಒಂದೇ ಮನೆಯ ಇಬ್ಬರು

ನನ್ನ ಸೋದರತ್ತೆಗೆ ಇಬ್ಬರು ಗಂಡುಮಕ್ಕಳು. ಪಕ್ಕದೂರಿನಲ್ಲಿ 4 ಎಕರೆ ಮಳೆ ಜಮೀನು. ರಾಗಿ, ಹುರುಳಿ, ಜೋಳ, ಒಂದೊಂದು ವರ್ಷ ಸೂರ್ಯಕಾಂತಿ. ದೊಡ್ಡವನಿಗೆ 54 ವರ್ಷ ಆದಾಗ ಮಲದಲ್ಲಿ ರಕ್ತ ಶುರುವಾಯ್ತು. ಒಂದು ಪೇಟೆಯಲ್ಲಿ ಮೂಲವ್ಯಾಧಿಗೆ ಮದ್ದು ಕೊಡೋ ಕಡೆ ಹೋದ. ಪುಡಿ ಕೊಟ್ಟರು, ಮುಲಾಮು ಕೊಟ್ಟರು, ಎರಡು ಸಲ ಸೂಜಿ ಹಾಕಿದರು. ಆ 14 ತಿಂಗಳಲ್ಲಿ ಅವನನ್ನ ಮಲಗಿಸಿ ಒಂದು ಸಲ ಕೂಡ ಪರೀಕ್ಷೆ ಮಾಡಲಿಲ್ಲ. ಕೊನೆಗೆ ಮೈ ಇಳಿದುಹೋಗಿ, ಮಲ ಕಟ್ಟಿಕೊಂಡು ಮೈಸೂರಿಗೆ ಕರೆದುಕೊಂಡು ಹೋದಾಗ ಅಲ್ಲಿನ ಡಾಕ್ಟರು ಕೈಗವಸು ಹಾಕಿ ಬೆರಳಿನಲ್ಲಿ ಪರೀಕ್ಷೆ ಮಾಡಿ ಎರಡೇ ನಿಮಿಷದಲ್ಲಿ "ಗಡ್ಡೆ ಇದೆ" ಅಂದರು. ಆಗಲೇ ಲಿವರ್‌ಗೆ ಹರಡಿತ್ತು. ಜೋಡಿ ಎತ್ತು ಮಾರಿದರು, ಒಂದು ಎಕರೆ ಆಧಾರ ಹಾಕಿದರು. ಒಂದೂವರೆ ವರ್ಷ ಬದುಕಿದ.

ಅಣ್ಣನನ್ನ ನೋಡಿದ ಡಾಕ್ಟರೇ, "ರಕ್ತಸಂಬಂಧಿಗಳು 40 ದಾಟಿದ್ದರೆ ಒಂದು ಸಲ ಕರುಳು ನೋಡಿಸಿಕೊಳ್ಳಲಿ" ಅಂತ ಬರೆದು ಕೊಟ್ಟಿದ್ದರು. ತಮ್ಮನಿಗೆ ಆಗ 48. ಒಂದು ತೊಂದರೆಯೂ ಇರಲಿಲ್ಲ. "ನನಗೇನಾಗದೆ, ಕಲ್ಲು ತಿಂದು ಅರಗಿಸ್ತೀನಿ" ಅಂತ ಕೂತಿದ್ದ. ಅತ್ತೆ ಅತ್ತು ಕರೆದು ಕಳಿಸಿದರು. ನಾನು ಜೊತೆಗೆ ಹೋದೆ. ಕೊಲೊನೋಸ್ಕೋಪಿ ಅನ್ನೋ ಪರೀಕ್ಷೆಯಲ್ಲಿ ಎರಡು ಪಾಲಿಪ್ ಸಿಕ್ಕವು. ಅಲ್ಲೇ, ಆಗಲೇ ತೆಗೆದರು. ಸಂಜೆಗೆ ಊರಿಗೆ ಬಂದೆವು. ಮೂರು ವರ್ಷಕ್ಕೆ ಮತ್ತೆ ಬಾ ಅಂತ ಹೇಳಿದ್ದರು, ಹೋಗಿ ಬಂದಿದ್ದಾನೆ. ಈ ವರ್ಷದ ರಾಗಿಯನ್ನೂ ಅವನೇ ಬಿತ್ತಿದ್ದು.

ಮೂಲವ್ಯಾಧಿಯೋ, ಕ್ಯಾನ್ಸರೋ: ಕಣ್ಣಿಂದ ಗೊತ್ತಾಗೋದಿಲ್ಲ

"ಕೆಂಪು ರಕ್ತ ಆದರೆ ಮೂಲವ್ಯಾಧಿ, ಕಪ್ಪಾದರೆ ಮಾತ್ರ ಭಯ" ಅನ್ನೋ ಮಾತು ನಮ್ಮಲ್ಲಿದೆ. ಇದನ್ನ ನಂಬಬಾರದು. ಗುದನಾಳದ ಕ್ಯಾನ್ಸರಿನಲ್ಲೂ ಕೆಂಪು ರಕ್ತವೇ ಬರ್ತದೆ. ಮೂಲವ್ಯಾಧಿ ಇದ್ದವರಿಗೆ ಕ್ಯಾನ್ಸರ್ ಬರೋದಿಲ್ಲ ಅಂತಲೂ ಇಲ್ಲ. ಎರಡೂ ಒಟ್ಟಿಗೆ ಇರಬಹುದು.

ಹಾಗಂತ ರಕ್ತ ಕಂಡ ಕೂಡಲೇ ಹೆದರಬೇಕಾದ್ದೂ ಇಲ್ಲ. ಆಮಶಂಕೆಯಲ್ಲಿ ರಕ್ತ, ಲೋಳೆ ಎರಡೂ ಬರ್ತವೆ. ಗುದದ್ವಾರ ಬಿರುಕು ಬಿಟ್ಟರೆ ಉರಿ ನೋವಿನ ಜೊತೆ ರಕ್ತ ಬರ್ತದೆ. ಬೀಟ್‌ರೂಟ್ ತಿಂದರೆ ಮಲ ಕೆಂಪಾಗ್ತದೆ, ಕಬ್ಬಿಣದ ಮಾತ್ರೆ ನುಂಗಿದರೆ ಕಪ್ಪಾಗ್ತದೆ. ಯಾವುದು ಏನು ಅಂತ ಹೇಳಬೇಕಾದವರು ಪರೀಕ್ಷೆ ಮಾಡಿದ ಡಾಕ್ಟರು. ನಾವೂ ಅಲ್ಲ, ಅಂಗಡಿ ಜಗಲಿಯಲ್ಲಿ ಕೂತವರೂ ಅಲ್ಲ.

ಈ ಕೆಳಗಿನದು ಯಾವುದಾದರೂ ಮೂರು ವಾರಕ್ಕಿಂತ ಹೆಚ್ಚು ನಡೆದರೆ ತಡ ಮಾಡಬೇಡಿ:

- ಮಲದಲ್ಲಿ ರಕ್ತ, ಅಥವಾ ರಕ್ತ ಬೆರೆತ ಲೋಳೆ.
- ಇದ್ದಕ್ಕಿದ್ದಂತೆ ಹೊರಕಡೆಗೆ ಹೋಗೋ ಅಭ್ಯಾಸ ಬದಲಾಗೋದು. ನಾಲ್ಕು ದಿನ ಕಟ್ಟೋದು, ಎರಡು ದಿನ ಭೇದಿ, ಹೀಗೆ.
- ಹೋಗಿ ಬಂದರೂ ಇನ್ನೂ ಪೂರ್ತಿ ಆಗಿಲ್ಲ ಅನ್ನಿಸಿ ಮತ್ತೆ ಮತ್ತೆ ಓಡೋದು.
- ಮಲ ಮೊದಲಿಗಿಂತ ಸಣ್ಣಗೆ, ಪೆನ್ಸಿಲ್ ಥರ ಬರೋದು.
- ಹೊಟ್ಟೆಯಲ್ಲಿ ಕೈಗೆ ಸಿಗೋ ಗಂಟು, ಅಥವಾ ಬಿಟ್ಟುಬಿಟ್ಟು ಬರೋ ಹಿಂಡುವ ನೋವು.
- ಕಾರಣ ಇಲ್ಲದೆ ಮೈ ಇಳಿಯೋದು, ಊಟ ಸೇರದಿರೋದು.

ಬಯಲಿಗೆ ಹೋಗೋರು ಇನ್ನೊಂದು ಮಾತು ಗಮನಿಸಬೇಕು. ಕೆಮ್ಮಣ್ಣಿನ ಮೇಲೆ, ಬೆಳಗಿನ ಜಾವದ ಮಬ್ಬಿನಲ್ಲಿ ರಕ್ತ ಕಾಣೋದೇ ಇಲ್ಲ. ಮನೆಯಲ್ಲಿ ಕಕ್ಕಸು ಕಟ್ಟಿಸಿಕೊಂಡವರಿಗೆ ಬಿಳಿ ಕಲ್ಲಿನ ಮೇಲೆ ಕಣ್ಣಿಗೆ ಬೀಳ್ತದೆ. ನೀರು ಹಾಕೋ ಮುಂಚೆ ಒಂದು ಸಲ ನೋಡೋ ಅಭ್ಯಾಸ ಇರಲಿ. ಸಗಣಿ ನೋಡಿದ ಹಾಗೇ ಇದೂ.

ಸುಸ್ತಿಗೆ ಟಾನಿಕ್ ಕುಡಿಯೋ ಮೊದಲು

ದೊಡ್ಡ ಕರುಳಿನ ಬಲಭಾಗದಲ್ಲಿ ಗಡ್ಡೆ ಇದ್ದರೆ ರಕ್ತ ದಿನಕ್ಕೆ ಸ್ವಲ್ಪ ಸ್ವಲ್ಪವೇ ಸೋರಿ ಮಲದಲ್ಲಿ ಬೆರೆತುಹೋಗ್ತದೆ. ಕಣ್ಣಿಗೆ ಏನೂ ಕಾಣೋದಿಲ್ಲ. ಆದರೆ ಕೆರೆಯ ತೂಬಿನಲ್ಲಿ ಸಣ್ಣ ಸೋರಿಕೆ ಇದ್ದರೆ ಬೇಸಿಗೆ ಹೊತ್ತಿಗೆ ಕೆರೆ ಬರಿದಾಗೋ ಹಾಗೆ ಮೈಯಲ್ಲಿ ರಕ್ತ ಕಡಿಮೆ ಆಗ್ತಾ ಬರ್ತದೆ. ಗುದ್ದಲಿ ಹಿಡಿದರೆ ಏದುಸಿರು, ದಿಣ್ಣೆ ಹತ್ತಿದರೆ ಎದೆ ಡವಡವ. "ವಯಸ್ಸಾಯ್ತು" ಅಂತ ಟಾನಿಕ್ ಕುಡಿದು ಸುಮ್ಮನಾಗ್ತೇವೆ.

ರಕ್ತಹೀನತೆಗೆ ನಮ್ಮ ಕಡೆ ಬೇರೆ ಕಾರಣಗಳೂ ಇವೆ. ಬರಿಗಾಲಿನಲ್ಲಿ ಹೊಲದಲ್ಲಿ ಓಡಾಡೋರಿಗೆ ಕೊಕ್ಕೆಹುಳು ಬರ್ತದೆ. ಬಿಳಿಗಿರಿರಂಗನ ಬೆಟ್ಟದ ಸೋಲಿಗರಲ್ಲಿ ಕುಡಗೋಲು ಕಣ ರೋಗ ವಂಶದಲ್ಲೇ ಬರೋದುಂಟು. ಹೆಂಗಸರಿಗೆ ಮುಟ್ಟಿನ ರಕ್ತಸ್ರಾವ ಇದೆ. ಆದರೆ ಗಂಡಸರಲ್ಲಿ, ಮುಟ್ಟು ನಿಂತ ಹೆಂಗಸರಲ್ಲಿ ಕಬ್ಬಿಣದ ಕೊರತೆಯ ರಕ್ತಹೀನತೆ ಕಂಡರೆ ರಕ್ತ ಎಲ್ಲಿ ಸೋರ್ತಾ ಇದೆ ಅಂತ ಹುಡುಕಲೇಬೇಕು. ಹಿಮೋಗ್ಲೋಬಿನ್ ಎಷ್ಟಿದೆ ಅಂತ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೇ ನೋಡ್ತಾರೆ. ಕಡಿಮೆ ಇದ್ದರೆ "ಮಾತ್ರೆ ಕೊಡಿ" ಅನ್ನೋದರ ಜೊತೆಗೆ "ಯಾಕೆ ಕಡಿಮೆಯಾಯ್ತು" ಅಂತಲೂ ಕೇಳಿ.

ಪರೀಕ್ಷೆ ಒಂದು: ಬೆರಳಿನ ಪರೀಕ್ಷೆ

ಇದಕ್ಕೆ ಯಂತ್ರ ಬೇಡ, ಕರೆಂಟು ಬೇಡ. ಎಡಮಗ್ಗುಲಿಗೆ ಮಲಗಿಸಿ, ಕೈಗವಸಿಗೆ ಜಾರುವ ಮುಲಾಮು ಹಚ್ಚಿ ಗುದದ್ವಾರದೊಳಗೆ ಬೆರಳು ಹಾಕಿ ನೋಡ್ತಾರೆ. ಒಂದು ನಿಮಿಷದ ಕೆಲಸ. ಮುಜುಗರ ಆಗ್ತದೆ, ನೋವು ಅಂಥಾದ್ದೇನಿಲ್ಲ. ನಮ್ಮ ದೇಶದಲ್ಲಿ ಈ ಕ್ಯಾನ್ಸರ್ ಗುದನಾಳದಲ್ಲಿ ಆಗೋದು ಜಾಸ್ತಿ. ಅದರಲ್ಲಿ ಎಷ್ಟೋ ಬೆರಳಿಗೆ ಸಿಗೋ ಅಷ್ಟು ಹತ್ತಿರ ಇರ್ತವೆ. ರಕ್ತ ಬರ್ತದೆ ಅಂದವನನ್ನ ಮುಟ್ಟದೆ ಮೂಲವ್ಯಾಧಿ ಮಾತ್ರೆ ಬರೆದುಕೊಟ್ಟರೆ, "ಸಾರ್, ಬೆರಳು ಹಾಕಿ ಪರೀಕ್ಷೆ ಮಾಡಿ ನೋಡಿ" ಅಂತ ನಾವೇ ಕೇಳಬೇಕು. ಕೇಳೋದು ತಪ್ಪಲ್ಲ. ಹೆಂಗಸರು ಲೇಡಿ ಡಾಕ್ಟರು ಇರೋ ದಿನ ವಿಚಾರಿಸಿ ಹೋಗಬಹುದು, ಅಥವಾ ನರ್ಸ್ ಜೊತೆಗಿರಲಿ ಅಂತ ಕೇಳಬಹುದು.

ನೆನಪಿರಲಿ, ಬೆರಳಿಗೆ ಏನೂ ಸಿಗಲಿಲ್ಲ ಅಂದರೆ ಮೇಲಿನ ಕರುಳು ಸರಿಯಿದೆ ಅಂತ ಅರ್ಥ ಅಲ್ಲ.

ಪರೀಕ್ಷೆ ಎರಡು: ಮಲದಲ್ಲಿ ಅಡಗಿದ ರಕ್ತ

ಕಣ್ಣಿಗೆ ಕಾಣದ ರಕ್ತವನ್ನ ಹಿಡಿಯೋ ಪರೀಕ್ಷೆ ಇದು. ಏನೂ ತೊಂದರೆ ಇಲ್ಲದವರಿಗೆ ಅಂತಲೇ ಮಾಡಿದ್ದು. ಪೇಟೆಯ ಲ್ಯಾಬುಗಳಲ್ಲಿ ಸ್ಟೂಲ್ ಅಕಲ್ಟ್ ಬ್ಲಡ್ ಅಂತ ಕೇಳಿದರೆ ಗೊತ್ತಾಗ್ತದೆ. ಇದರಿಂದ ಪ್ರಯೋಜನ ಉಂಟು ಅಂತ ಗಟ್ಟಿಯಾಗಿ ತೋರಿಸಿದ್ದು ಅಮೆರಿಕದ ಮಿನ್ನೆಸೋಟದಲ್ಲಿ. ಅಲ್ಲಿ 50ರಿಂದ 80 ವರ್ಷದ 46 ಸಾವಿರ ಜನರನ್ನ ಸೇರಿಸಿಕೊಂಡು ನಡೆಸಿದ ಅಧ್ಯಯನದ ಫಲಿತಾಂಶ 1993ರಲ್ಲಿ ಬಂತು. ವರ್ಷಕ್ಕೊಮ್ಮೆ ಮಲ ಪರೀಕ್ಷೆ ಮಾಡಿಸಿ, ರಕ್ತ ಸಿಕ್ಕವರ ಕರುಳನ್ನ ನೋಡಿದ ಗುಂಪಿನಲ್ಲಿ ಈ ಕ್ಯಾನ್ಸರಿಂದ ಸಾಯೋರು 13 ವರ್ಷದಲ್ಲಿ ಮೂರನೇ ಒಂದು ಭಾಗ ಕಡಿಮೆಯಾಗಿದ್ದರು.

ಇದರಲ್ಲಿ ಎರಡು ಬಗೆ ಇವೆ. ಹಳೆಯ ಬಗೆಯಲ್ಲಿ ಮೂರು ದಿನ ಮೊದಲಿಂದ ಕುರಿ, ದನದಂಥ ಕೆಂಪು ಮಾಂಸ ಬಿಡಬೇಕು, ವಿಟಮಿನ್ ಸಿ ಮಾತ್ರೆ ನಿಲ್ಲಿಸಬೇಕು. ಇಲ್ಲದಿದ್ದರೆ ಫಲಿತಾಂಶ ಹೆಚ್ಚುಕಡಿಮೆ ಆಗ್ತದೆ. ಹೊಸ ಬಗೆಗೆ ಫಿಟ್ ಅಂತಾರೆ. ಅದು ಮನುಷ್ಯರ ರಕ್ತವನ್ನ ಮಾತ್ರ ಗುರುತಿಸ್ತದೆ, ಪಥ್ಯ ಬೇಡ. ಯಾವ ಬಗೆ ಮಾಡ್ತೀರಿ ಅಂತ ಮೊದಲೇ ಕೇಳಿಕೊಳ್ಳಿ.

ನನಗೂ ಐವತ್ತು ದಾಟಿದ್ದರಿಂದ ಮಾಡಿಸಿಕೊಂಡೆ. ಕಾಗದ ಹಾಸಿ ನೀರು, ಮೂತ್ರ ತಾಗದ ಹಾಗೆ ಮಲ ಹಿಡಿದು, ಕೊಟ್ಟ ಕಡ್ಡಿಯಿಂದ ನಾಲ್ಕಾರು ಕಡೆ ಚುಚ್ಚಿ ಡಬ್ಬಿಗೆ ಹಾಕಿ ಮುಚ್ಚಿದರೆ ಆಯ್ತು. ಅವತ್ತೇ ಲ್ಯಾಬಿಗೆ ತಲುಪಿಸಬೇಕು. ನಮ್ಮ ಬೇಸಿಗೆಯ ಬಿಸಿಲಿನಲ್ಲಿ ಬೈಕಿನ ಡಿಕ್ಕಿಯಲ್ಲಿ ಇಟ್ಟು ಸಂತೆ ಮುಗಿಸಿ ಹೋದರೆ ಬಿಸಿಗೆ ರಕ್ತದ ಅಂಶ ಕೆಟ್ಟು, ಇದ್ದರೂ ಇಲ್ಲ ಅಂತ ಬರಬಹುದು. ಮೂಲವ್ಯಾಧಿ ರಕ್ತ ಹೋಗ್ತಿರೋ ದಿನ, ಮುಟ್ಟಿನ ದಿನ ಮಾಡಿಸಬಾರದು.

ನನ್ನದರಲ್ಲಿ ರಕ್ತ ಇಲ್ಲ ಅಂತ ಬಂತು. ಆದರೆ ಇದು ಜೀವಮಾನಕ್ಕೆ ಕೊಟ್ಟ ಸರ್ಟಿಫಿಕೇಟ್ ಅಲ್ಲ. ಮಣ್ಣು ಪರೀಕ್ಷೆ ಒಂದು ಸಲ ಮಾಡಿಸಿ ಇಪ್ಪತ್ತು ವರ್ಷ ಅದನ್ನೇ ನಂಬಿ ಗೊಬ್ಬರ ಹಾಕೋದಿಲ್ಲವಲ್ಲ. ವರ್ಷಕ್ಕೊಮ್ಮೆ ಮಾಡಿಸಿದರೆ ಮಾತ್ರ ಪ್ರಯೋಜನ. ರಕ್ತ ಇದೆ ಅಂತ ಬಂದರೂ ಕ್ಯಾನ್ಸರ್ ಅಂತ ಅರ್ಥ ಅಲ್ಲ. ಹಾಗೆ ಬಂದವರಲ್ಲಿ ಹೆಚ್ಚಿನವರಿಗೆ ಕ್ಯಾನ್ಸರ್ ಇರೋದಿಲ್ಲ. ಆದರೆ ಮುಂದಿನ ಪರೀಕ್ಷೆ ಬಿಡಬಾರದು. ಬಿಟ್ಟರೆ ಮೊದಲನೇದು ಮಾಡಿಸಿದ್ದೇ ದಂಡ. ಕಣ್ಣಿಗೆ ಕಾಣುವಂತೆ ರಕ್ತ ಬರ್ತಿರೋರು, ಮೇಲೆ ಬರೆದ ಚಿಹ್ನೆ ಇರೋರು ಈ ಮಲ ಪರೀಕ್ಷೆ ನಂಬಿ ಕೂರಬಾರದು, ನೇರ ಡಾಕ್ಟರ ಹತ್ತಿರ ಹೋಗಬೇಕು.

ಪರೀಕ್ಷೆ ಮೂರು: ಕೊಲೊನೋಸ್ಕೋಪಿ

ತುದಿಯಲ್ಲಿ ಕ್ಯಾಮೆರಾ, ದೀಪ ಇರೋ ಬೆರಳು ಗಾತ್ರದ ಬಳುಕುವ ಕೊಳವೆಯನ್ನ ಗುದದ್ವಾರದ ಮೂಲಕ ಒಳಗೆ ಬಿಟ್ಟು ದೊಡ್ಡ ಕರುಳನ್ನ ಪೂರ್ತಿ ನೋಡ್ತಾರೆ. ಕೆಟ್ಟ ಬೋರ್‌ವೆಲ್ಲಿಗೆ ಕ್ಯಾಮೆರಾ ಇಳಿಸಿ ಕೇಸಿಂಗ್ ನೋಡೋ ಹಾಗೆ. ಪಾಲಿಪ್ ಸಿಕ್ಕರೆ ತಂತಿಯ ಕುಣಿಕೆ ಹಾಕಿ ಆಗಲೇ ತೆಗೀತಾರೆ. ಅನುಮಾನದ ಜಾಗದಿಂದ ಚೂರು ತೆಗೆದು ಲ್ಯಾಬಿಗೆ ಕಳಿಸ್ತಾರೆ. ಅರ್ಧ ಗಂಟೆಯ ಕೆಲಸ.

ಕಷ್ಟ ಇರೋದು ಹಿಂದಿನ ದಿನದ ತಯಾರಿಯಲ್ಲಿ. ಎರಡು ಮೂರು ದಿನ ಮೊದಲಿಂದ ಸೊಪ್ಪು, ಕಾಳು, ಬೀಜ ಇರೋ ತರಕಾರಿ ಬಿಡಬೇಕು. ಹಿಂದಿನ ದಿನ ಗಂಜಿ ತಿಳಿ, ಎಳನೀರಿನಂಥ ತಿಳಿ ಪದಾರ್ಥ ಮಾತ್ರ. ಆಮೇಲೆ ಭೇದಿ ಮದ್ದು ಕಲಸಿದ ನೀರನ್ನ ಲೀಟರುಗಟ್ಟಲೆ ಕುಡಿಯಬೇಕು. ಹತ್ತು ಹನ್ನೆರಡು ಸಲ ಹೋಗಬೇಕಾಗ್ತದೆ. ಕೊನೆಗೆ ತಿಳಿನೀರು ಬರಬೇಕು. ಮಲ ಉಳಿದರೆ ಪಾಲಿಪ್ ಕಾಣೋದಿಲ್ಲ, ಮತ್ತೆ ಬರಬೇಕಾಗ್ತದೆ. ಕಬ್ಬಿಣದ ಮಾತ್ರೆಯನ್ನ ಕೆಲವು ದಿನ ಮೊದಲೇ ನಿಲ್ಲಿಸಬೇಕು. ಸಕ್ಕರೆ ಕಾಯಿಲೆ ಮಾತ್ರೆ, ರಕ್ತ ತೆಳುಮಾಡೋ ಮಾತ್ರೆ ತಗೊಳ್ಳೋರು ಏನು ಮಾಡಬೇಕು ಅಂತ ಡಾಕ್ಟರನ್ನ ಕೇಳಲೇಬೇಕು.

ಕಕ್ಕಸು ಇಲ್ಲದ ಮನೆಯಲ್ಲಿ ರಾತ್ರಿಯೆಲ್ಲ ಈ ತಯಾರಿ ಆಗೋ ಮಾತಲ್ಲ. ವಯಸ್ಸಾದವರು ಕತ್ತಲಲ್ಲಿ ಬೇಲಿ ದಾಟಿ ಓಡಾಡಿ ಬಿದ್ದರೆ ಇನ್ನೊಂದು ಆಸ್ಪತ್ರೆ ಖರ್ಚು. ಅಂಥವರು ಹಿಂದಿನ ದಿನವೇ ಮೈಸೂರಿನಲ್ಲಿ ನೆಂಟರ ಮನೆಗೆ ಹೋಗಿ ಉಳಿಯೋದು ಒಳ್ಳೇದು. ಇಲ್ಲವಾದರೆ ಆಸ್ಪತ್ರೆಯಲ್ಲೇ ಸೇರಿಸಿಕೊಂಡು ತಯಾರಿ ಮಾಡ್ತೀರಾ ಅಂತ ಕೇಳಬೇಕು. ನನ್ನ ಜೊತೆ ಬಂದ ಅತ್ತೆ ಮಗ ನೆಂಟರ ಮನೆಯಲ್ಲೇ ಉಳಿದದ್ದು. ಮಂಪರು ಬರೋ ಇಂಜೆಕ್ಷನ್ ಕೊಡೋದರಿಂದ ಜೊತೆಗೆ ಒಬ್ಬರು ಇರಲೇಬೇಕು. ಅವತ್ತು ಗಾಡಿ ಓಡಿಸಬಾರದು.

ಯಾರು ಯಾವಾಗ ಮಾಡಿಸಬೇಕು?

ಅಮೆರಿಕದಲ್ಲಿ ಮೊದಲು 50 ವರ್ಷಕ್ಕೆ ಶುರು ಮಾಡ್ತಿದ್ದ ಪರೀಕ್ಷೆಯನ್ನ 2021ರಿಂದ 45ಕ್ಕೇ ಶುರು ಮಾಡಿ ಅಂತ ಅಲ್ಲಿನ ಸರ್ಕಾರಿ ತಜ್ಞರ ಸಮಿತಿ ಹೇಳಿದೆ. ನಮ್ಮಲ್ಲಿ 30 ದಾಟಿದವರಿಗೆ ಉಪಕೇಂದ್ರದಲ್ಲಿ, ಈಗಿನ ಆಯುಷ್ಮಾನ್ ಆರೋಗ್ಯ ಮಂದಿರದಲ್ಲಿ ಬಿಪಿ, ಶುಗರ್ ಜೊತೆಗೆ ಮೂರು ಕ್ಯಾನ್ಸರಿನ ತಪಾಸಣೆ ಇದೆ: ಬಾಯಿ, ಸ್ತನ, ಗರ್ಭಕೋಶದ ಕೊರಳು. ಈ ಮೂರೂ ನಮ್ಮಲ್ಲಿ ಜಾಸ್ತಿ, ಅದಕ್ಕೆ ಅವು ಮೊದಲು. ಕರುಳಿನದು ಆ ಪಟ್ಟಿಯಲ್ಲಿಲ್ಲ. ಆದ್ದರಿಂದ ಇದನ್ನ ಯಾರೂ ಮನೆ ಬಾಗಿಲಿಗೆ ಬಂದು ಕೇಳೋದಿಲ್ಲ, ನಾವೇ ಕೇಳಿ ಮಾಡಿಸಿಕೊಳ್ಳಬೇಕು.

ನನ್ನ ತಿಳುವಳಿಕೆಯಲ್ಲಿ ಸರದಿ ಹೀಗಿರಲಿ. ಮೊದಲು, ಚಿಹ್ನೆ ಇರೋರು. ಅವರು ವಯಸ್ಸು ನೋಡಬಾರದು. ನಮ್ಮ ದೇಶದಲ್ಲಿ ನಲವತ್ತರ ಒಳಗಿನವರಿಗೂ ಇದು ಬರ್ತದೆ. ಎರಡನೆಯದು, ತಂದೆ, ತಾಯಿ, ಒಡಹುಟ್ಟಿದವರಿಗೆ ಈ ಕಾಯಿಲೆ ಬಂದಿರೋರು. ಅವರು 40ಕ್ಕೆ, ಅಥವಾ ಮನೆಯವರಿಗೆ ಬಂದ ವಯಸ್ಸಿಗಿಂತ 10 ವರ್ಷ ಮೊದಲು, ಯಾವುದು ಮೊದಲೋ ಆಗ ಕೊಲೊನೋಸ್ಕೋಪಿ ಮಾಡಿಸಬೇಕು. ಮೂರನೆಯದು, ಐವತ್ತರ ಆಸುಪಾಸಿನ ಉಳಿದವರು. ಅವರು ಡಾಕ್ಟರನ್ನ ಕೇಳಿ ವರ್ಷಕ್ಕೊಮ್ಮೆ ಮಲ ಪರೀಕ್ಷೆ ಮಾಡಿಸಬಹುದು.

ಜನ ಯಾಕೆ ಹೋಗೋದಿಲ್ಲ, ಹೋಗೋ ಹಾಗೆ ಮಾಡೋದು ಹೇಗೆ?

ನಾಚಿಕೆ ಒಂದು. ದಿನದ ಕೂಲಿ ಹೋಗ್ತದೆ ಅನ್ನೋದು ಇನ್ನೊಂದು. ದೊಡ್ಡಾಸ್ಪತ್ರೆಯಲ್ಲಿ ಯಾವ ಬಾಗಿಲು, ಯಾವ ಚೀಟಿ ಅಂತ ಗೊತ್ತಾಗದೆ ಅರ್ಧ ದಿನ ಸುತ್ತಿ ವಾಪಸ್ ಬರೋರೂ ಇದ್ದಾರೆ. "ಹೊಟ್ಟೆಗೆ ಚೀಲ ಹಾಕ್ತಾರೆ" ಅನ್ನೋ ಭಯ ಬೇರೆ. ಆ ಚೀಲ ಬೇಕಾಗೋದು ಎಲ್ಲರಿಗೂ ಅಲ್ಲ. ಬೇಗ ಬಂದವರಲ್ಲಿ ಬಹಳಷ್ಟು ಜನರಿಗೆ ಬೇಕಾಗೋದಿಲ್ಲ, ಕೆಲವರಿಗೆ ತಾತ್ಕಾಲಿಕವಾಗಿ ಹಾಕಿ ತೆಗೀತಾರೆ. ತಡ ಮಾಡಿದಷ್ಟೂ ಚೀಲದ ಸಂಭವ ಜಾಸ್ತಿ.

ಈ ತೊಡಕುಗಳು ನಮ್ಮೊಬ್ಬರದೇ ಅಲ್ಲ. ಅಮೆರಿಕದ ಡೆಲವೇರ್ ರಾಜ್ಯದಲ್ಲಿ 2001ರಲ್ಲಿ ಕರಿಯರಲ್ಲಿ 100ಕ್ಕೆ 48 ಜನ, ಬಿಳಿಯರಲ್ಲಿ 58 ಜನ ಈ ಪರೀಕ್ಷೆ ಮಾಡಿಸಿಕೊಂಡಿದ್ದರು. ಸರ್ಕಾರ ವಿಮೆ ಇಲ್ಲದವರ ಪರೀಕ್ಷೆ ಖರ್ಚು, ಕ್ಯಾನ್ಸರ್ ಸಿಕ್ಕರೆ ಚಿಕಿತ್ಸೆ ಖರ್ಚು ಎರಡನ್ನೂ ಕೊಟ್ಟಿತು. ಜೊತೆಗೆ ಪ್ರತಿ ರೋಗಿಯ ಹಿಂದೆ ಬಿದ್ದು ಫೋನ್ ಮಾಡಿ, ದಿನ ಗೊತ್ತುಮಾಡಿ, ತಯಾರಿ ಹೇಳಿಕೊಟ್ಟು ಕರೆತರೋ ನರ್ಸುಗಳನ್ನ ನೇಮಿಸಿತು. 2009ಕ್ಕೆ ಇಬ್ಬರಲ್ಲೂ 100ಕ್ಕೆ 74 ಆಯ್ತು. ಬಡವರು ಪರೀಕ್ಷೆ ಬೇಡ ಅನ್ನೋದಿಲ್ಲ, ದಾರಿ ತೋರಿಸಿ ಜೊತೆಗೆ ಬರೋರು ಬೇಕು ಅಷ್ಟೆ.

ದೂರ ಬೇಡ, ಮಹಾರಾಷ್ಟ್ರದ ಉಸ್ಮಾನಾಬಾದ್ ಜಿಲ್ಲೆ ನೋಡಿ. ಈಗ ಧಾರಾಶಿವ ಅಂತಾರೆ. ನಮ್ಮ ಹಾಗೇ ಮಳೆ ನಂಬಿದ ಜೋಳದ ಸೀಮೆ. ಅಲ್ಲಿ 1999ರಿಂದ ಹಳ್ಳಿಗಳ 1 ಲಕ್ಷ 30 ಸಾವಿರಕ್ಕೂ ಹೆಚ್ಚು ಹೆಂಗಸರನ್ನ ಸೇರಿಸಿಕೊಂಡು ಗರ್ಭಕೋಶದ ಕೊರಳಿನ ಕ್ಯಾನ್ಸರ್ ತಪಾಸಣೆಯ ಅಧ್ಯಯನ ನಡೀತು. ಒಂದೇ ಒಂದು ಸಲ ಎಚ್‌ಪಿವಿ ಪರೀಕ್ಷೆ ಮಾಡಿದ ಊರುಗಳಲ್ಲಿ ಆ ಕ್ಯಾನ್ಸರಿನ ಸಾವು ಸುಮಾರು ಅರ್ಧಕ್ಕೆ ಇಳಿಯಿತು ಅಂತ 2009ರಲ್ಲಿ ಪ್ರಕಟವಾಯ್ತು. ಕಾಯಿಲೆ ಬೇರೆ, ಆದರೆ ಹಳ್ಳಿಯವರು ಕರೆದರೆ ಬರ್ತಾರೆ ಅನ್ನೋದಕ್ಕೆ ಇದು ಸಾಕ್ಷಿ.

ನಮ್ಮೂರಲ್ಲಿ ದಿನಕ್ಕೆ ಎರಡು ಸಲ ಎಲ್ಲರೂ ಸೇರೋ ಜಾಗ ಹಾಲಿನ ಡೇರಿ. ಹಾಲಿನ ರೇಟು ಬರೆಯೋ ಬೋರ್ಡಿನ ಪಕ್ಕ ಮೇಲಿನ ಆರು ಚಿಹ್ನೆಗಳನ್ನ ಬರೆದು ಹಾಕಬಹುದು. ಸ್ತ್ರೀಶಕ್ತಿ ಸಂಘದ ಸಭೆಗೆ ಆಶಾ ಕಾರ್ಯಕರ್ತೆಯನ್ನ ಕರೆಸಿ ಮಾತಾಡಿಸಬಹುದು. ಮೂರ್ನಾಲ್ಕು ಜನ ಒಟ್ಟಿಗೆ ಹೋದರೆ ನಾಚಿಕೆಯೂ ಕಡಿಮೆ, ಖರ್ಚೂ ಕಡಿಮೆ. ಗುಂಡ್ಲುಪೇಟೆ, ಚಾಮರಾಜನಗರ ಎರಡರಿಂದಲೂ ಮೈಸೂರು 60 ಕಿಲೋಮೀಟರ್ ಆಸುಪಾಸು. ಚಾಮರಾಜನಗರದಿಂದ ರೈಲೂ ಇದೆ. ಚಿಹ್ನೆ ಇಲ್ಲದವರು ಒಕ್ಕಣೆ ಮುಗಿದು ಅಶ್ವಿನಿ, ಭರಣಿ ಮಳೆ ಬರೋದರೊಳಗೆ, ಫೆಬ್ರವರಿ ಮಾರ್ಚಿಯಲ್ಲಿ ಹೋಗಬಹುದು. ಚಿಹ್ನೆ ಇರೋರು ಮಾತ್ರ ಬಿತ್ತನೆ, ಕಟಾವು ಅಂತ ನೋಡಬಾರದು.

ಎಲ್ಲಿಗೆ, ಯಾವ ಕಾರ್ಡು?

ಮೊದಲು ಪ್ರಾಥಮಿಕ ಆರೋಗ್ಯ ಕೇಂದ್ರ ಅಥವಾ ತಾಲ್ಲೂಕು ಆಸ್ಪತ್ರೆ. ಬೆರಳಿನ ಪರೀಕ್ಷೆ, ಹಿಮೋಗ್ಲೋಬಿನ್ ಅಲ್ಲಿಯೇ ಆಗಬೇಕು. ಅಲ್ಲಿಂದ ಚಾಮರಾಜನಗರದ ಸರ್ಕಾರಿ ಮೆಡಿಕಲ್ ಕಾಲೇಜಿನ ಆಸ್ಪತ್ರೆಗೋ, ಮೈಸೂರಿನ ಕೆ.ಆರ್. ಆಸ್ಪತ್ರೆಗೋ ಬರೆಸಿಕೊಂಡು ಹೋಗಬಹುದು. ಕ್ಯಾನ್ಸರ್ ಅಂತ ಖಚಿತವಾದರೆ ಬೆಂಗಳೂರಿನ ಕಿದ್ವಾಯಿ ಸಂಸ್ಥೆ ಇದೆ.

2018ರಿಂದ ಇರೋ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕಾರ್ಡಿನ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗ್ತದೆ. ಎಪಿಎಲ್ ಆದರೆ ಯೋಜನೆಯ ದರದಲ್ಲಿ 30 ಭಾಗ, 1.5 ಲಕ್ಷದ ಮಿತಿಯೊಳಗೆ. ಖಾಸಗಿ ಆಸ್ಪತ್ರೆಗೆ ಹೋಗೋ ಮುಂಚೆ ಸರ್ಕಾರಿ ಆಸ್ಪತ್ರೆಯಿಂದ ರೆಫರಲ್ ಪತ್ರ ಪಡೆಯೋದು ಮರೀಬೇಡಿ. ಸಹಕಾರ ಸಂಘದ ಸದಸ್ಯರಿಗೆ ಯಶಸ್ವಿನಿ ಯೋಜನೆ 2003ರಲ್ಲಿ ಶುರುವಾಗಿ, 2018ರಲ್ಲಿ ನಿಂತು, 2022ರಲ್ಲಿ ಮರಳಿ ಬಂದಿದೆ. ಡೇರಿ ಅಥವಾ ಸೊಸೈಟಿ ಕಾರ್ಯದರ್ಶಿಯನ್ನ ಕೇಳಿ, ಗಡುವಿನೊಳಗೆ ವಂತಿಗೆ ಕಟ್ಟಿರಬೇಕು. ಯಾವ ಪರೀಕ್ಷೆಗೆ ದುಡ್ಡು ಕಟ್ಟಬೇಕು, ಯಾವುದಕ್ಕೆ ಬೇಡ ಅಂತ ಆಸ್ಪತ್ರೆಯಲ್ಲಿರೋ ಆರೋಗ್ಯಮಿತ್ರರನ್ನ ಮೊದಲೇ ಕೇಳಿಕೊಳ್ಳಿ.

ಊಟದ ಮಾತು

ಬೀಡಿ, ಹೆಂಡ, ಕೂತಲ್ಲೇ ಕೂರೋದು, ಬೊಜ್ಜು ಇವೆಲ್ಲ ಈ ಕಾಯಿಲೆಗೆ ದಾರಿ. ಉಪ್ಪು, ಹೊಗೆ ಹಾಕಿ ಡಬ್ಬಿಯಲ್ಲಿ ಬರೋ ಮಾಂಸ ಕರುಳಿನ ಕ್ಯಾನ್ಸರ್ ತರ್ತದೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 2015ರಲ್ಲೇ ಹೇಳಿದೆ. ನಾರು ಜಾಸ್ತಿ ಇರೋ ಧಾನ್ಯ, ಕಾಳು, ಸೊಪ್ಪು ಕರುಳಿಗೆ ಒಳ್ಳೇದು. ನಮ್ಮ ರಾಗಿ ಮುದ್ದೆ, ಹುರುಳಿ ಸಾರು, ಬೆರಕೆ ಸೊಪ್ಪು ಬಿಟ್ಟು ಮೂರು ಹೊತ್ತೂ ಪಾಲಿಶ್ ಅಕ್ಕಿ ಅನ್ನಕ್ಕೆ ಹೋಗಬೇಕಾಗಿಲ್ಲ. ಆದರೆ ಮುದ್ದೆ ಉಣ್ಣೋರಿಗೆ ಈ ಕಾಯಿಲೆ ಬರೋದೇ ಇಲ್ಲ ಅಂತ ತಿಳೀಬೇಡಿ. ನನ್ನ ಅತ್ತೆ ಮಗ ಹುಟ್ಟಿದಾಗಿನಿಂದ ಮುದ್ದೆ ಉಂಡು ಬೆಳೆದವನೇ.

ಈ ಲೇಖನ ಓದಿದವರು ಇವತ್ತು ರಾತ್ರಿ ಊಟಕ್ಕೆ ಕೂತಾಗ ಮನೆಯ ಹಿರಿಯರನ್ನ ಒಂದು ಮಾತು ಕೇಳಿ: "ಹೊರಕಡೆ ಹೋದಾಗ ರಕ್ತ ಏನಾರ ಕಂಡಿದ್ಯಾ?" ಬಯ್ಯಬಹುದು, ನಗಬಹುದು. ಹೌದು ಅಂದರೆ ಮಾರನೇ ದಿನವೇ ಒಬ್ಬರು ಜೊತೆಗೆ ಹೋಗಿ ತೋರಿಸಿ. ಡಾಕ್ಟರು ನೋಡಿ ಮೂಲವ್ಯಾಧಿ ಅಂದರೆ ಆಮೇಲೆ ಮಜ್ಜಿಗೆ ಕುಡಿಯೋಣ.